ನಮ್ಮ ಭಾವನ ರಕ್ತದಾಗ ಮ್ಯಾಂಗನೀಸ್ ಎಲ್ಲಿಂದ ಬಂತು?

ಹೋದ ತಿಂಗಳು ಒಂದಿನ ರಾತ್ರಿ ಹನ್ನೊಂದಕ್ಕ ನಮ್ಮ ಭಾವ ವಾಟ್ಸಪ್ಪಿನಾಗ ಒಂದು ಪಿಡಿಎಫ್ ಕಳಿಸಿ ಕೆಳಗ "ಇದೇನೈತಿ ನೋಡಪ್ಪ, ನಂಗ ನಿದ್ದಿ ಬರವಲ್ದು" ಅಂತ ಹಾಕಿದ. ಸಂಡೂರು ಕಡೆ ಟಿಪ್ಪರ್ ಓಡಸ್ತಾನ ಅವ, ಹದಿನೈದು ವರ್ಷ ಆತು ಅದೇ ಕೆಂಪು ಧೂಳಿನಾಗ. ಯಾರೋ ಕ್ಯಾಂಪ್ ಹಾಕಿದ್ರಂತ, ಆಫರ್‌ನ್ಯಾಗ ಹೆವಿ ಮೆಟಲ್ ಪ್ಯಾಕೇಜ್, ಒಂದು ಟ್ಯೂಬ್ ರಕ್ತ ಒಂದು ಡಬ್ಬಿ ಮೂತ್ರ ಕೊಟ್ರ ಇಪ್ಪತ್ತು ಲೋಹ ನೋಡ್ತೀವಿ ಅಂತ. ರಿಪೋರ್ಟ್ ತೆಗೆದು ನೋಡಿದ್ರ ಎರಡು ಸಾಲು ಕೆಂಪಕ್ಷರದಾಗ ಅದಾವ. ರಕ್ತದಾಗ ಮ್ಯಾಂಗನೀಸ್ ಲೀಟರಿಗೆ 21 ಮೈಕ್ರೋಗ್ರಾಮ್, ಪಕ್ಕಕ್ಕ ನಾರ್ಮಲ್ 4ರಿಂದ 15 ಅಂತ ಬರದಾರ. ಮೂತ್ರದಾಗ ಆರ್ಸೆನಿಕ್ ಲೀಟರಿಗೆ 142, ನಾರ್ಮಲ್ 50ರ ಒಳಗ ಅಂತ. ಉಳಿದದ್ದೆಲ್ಲ ಕರಿ ಅಕ್ಷರ, ಅಂದ್ರ ಚಿಂತಿ ಇಲ್ಲ ಅಂತ ಅರ್ಥ ಅನ್ಕೊಂಡಿದ್ದ ಅವ.

ನಾನು ಕೆಮಿಸ್ಟ್ರಿ ಓದಿ ಕೆಲವು ವರ್ಷ ಇಂಥಾ ಲೋಹ ಅಳೆಯೋ ಲ್ಯಾಬಿನಾಗ ಕೆಲಸ ಮಾಡಿದವ, ಅದಕ್ಕ ಊರಿನಾಗ ಯಾರಿಗೆ ಇಂಥಾ ರಿಪೋರ್ಟ್ ಬಂದ್ರೂ ನನ್ನ ತಲಿಗೇ ಬರ್ತಾವ. ಭಾವಗ ಫೋನಿನಾಗ ಅರ್ಧ ತಾಸು ಹೇಳಿದ್ದನ್ನ ಇಲ್ಲಿ ಸಾವಕಾಶ ಬರೀತೀನಿ, ಯಾಕಂದ್ರ ಬಳ್ಳಾರಿ ಕೊಪ್ಪಳ ರಾಯಚೂರು ಮೂರೂ ಕಡೆ ಗಣಿ, ಸ್ಪಾಂಜ್ ಐರನ್, ಕಲ್ಲಿದ್ದಲ ಬೂದಿ, ಚಿನ್ನದ ಗಣಿ ಅಂತ ಒಂದಿಲ್ಲೊಂದು ಇದ್ದೇ ಐತಿ, ಇಂಥಾ ಟೆಸ್ಟು ಮುಂದ ಹೆಚ್ಚಾಗ್ತಾವೇ ಹೊರತು ಕಡಿಮಿ ಆಗಂಗಿಲ್ಲ.

ಮೊದಲು ಅಳತಿ ಎಷ್ಟು ಸಣ್ಣದು ಅಂತ ತಿಳ್ಕೋಬೇಕು. ಲೀಟರಿಗೆ ಒಂದು ಮೈಕ್ರೋಗ್ರಾಮ್ ಅಂದ್ರ ನೂರು ಕೋಟಿಯಾಗ ಒಂದು ಪಾಲು, ಲ್ಯಾಬಿನವರು ಪಿಪಿಬಿ ಅಂತಾರ. ನಮ್ಮ ಟಿಬಿ ಡ್ಯಾಮ್ ತುಂಬಿದ್ರ ಈಗ ಸುಮಾರು 105 ಟಿಎಂಸಿ, ಲೀಟರಿನಾಗ ಲೆಕ್ಕ ಹಾಕಿದ್ರ ಮೂರು ಲಕ್ಷ ಕೋಟಿ ಲೀಟರ್ ಹತ್ರ. ಅಷ್ಟು ನೀರಿಗೆ ಒಂದು ಪಿಪಿಬಿ ಅಂದ್ರ ಮೂರು ಟನ್. ಭಾವನ ಟಿಪ್ಪರಿಗೆ ಮೂರು ಟನ್ ಹಾಕಿದ್ರ ತಳ ಮುಚ್ಚತೈತಿ ಅಷ್ಟ. ಆ ಮೂರು ಟನ್ ಡ್ಯಾಮ್ ತುಂಬ ಕಲಸಿ, ಮುನಿರಾಬಾದಿನ ಹತ್ರ ಒಂದು ಚಮಚ ನೀರು ತಗೊಂಡು ಎಷ್ಟೈತಿ ಹೇಳು ಅಂದಂಗ ಈ ಕೆಲಸ. ಇಷ್ಟು ಸಣ್ಣ ಅಳತಿಯಾಗ ಹೊರಗಿಂದ ಒಂದು ಕಣ ಧೂಳು ಬಿದ್ರೂ ಲೆಕ್ಕ ಬುಡಮೇಲು, ಬಳ್ಳಾರಿಯಾಗ ಧೂಳಿಗೇನು ಬರನಾ!

ಮಷೀನ್ ಹೆಂಗ ಕೆಲಸ ಮಾಡ್ತೈತಿ ಅಂತ ಹೇಳ್ತೀನಿ, ಆಮ್ಯಾಲ ಭಾವನ ಎರಡು ಕೆಂಪಕ್ಷರಕ್ಕ ಬರ್ತೀನಿ.

ಲೋಹ ಹುಡುಕೋ ವಿದ್ಯೆ ಹಳೇದು. ಮೊದಲ ಹೆಸರು ಮಾಡಿದ್ದು ಆರ್ಸೆನಿಕ್ ವಿಷ ಕೊಟ್ಟು ಕೊಂದ ಕೇಸುಗಳಿಂದ. 1836ರಾಗ ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ಅನ್ನೋನು ಒಂದು ಉಪಾಯ ಪ್ರಕಟ ಮಾಡಿದ, ಅನುಮಾನ ಇರೋ ಸಾಮಾನಿಗೆ ಸತು ಮತ್ತ ಆಸಿಡ್ ಹಾಕಿದ್ರ ಆರ್ಸೆನಿಕ್ಕು ಅರ್ಸೀನ್ ಅನ್ನೋ ಗಾಳಿಯಾಗಿ ಹೊರಗ ಬರ್ತೈತಿ, ಅದನ್ನ ಕಾಯಿಸಿದ ಗಾಜಿನ ನಳಿಗಿಯಾಗ ಬಿಟ್ರ ಕನ್ನಡಿ ಹಂಗ ಮಿಂಚೋ ಕರಿ ಕಲಿ ಕೂಡ್ತೈತಿ. ಈ ಗಾಳಿ ಮಾಡೋ ಉಪಾಯ ಈಗಲೂ ಹಂಗೇ ಐತಿ, ಸತು ಹೋಗಿ ಬೇರೆ ಕೆಮಿಕಲ್ ಬಂದೈತಿ ಅಷ್ಟ, ಹೈಡ್ರೈಡ್ ಜನರೇಶನ್ ಅಂತ ಕರೀತಾರ. 1950ರ ದಶಕದಾಗ ಆಸ್ಟ್ರೇಲಿಯಾದ ಅಲನ್ ವಾಲ್ಷ್ ಅಟಾಮಿಕ್ ಅಬ್ಸಾರ್ಪ್ಶನ್ ತಂದ, ಒಂದೊಂದು ಲೋಹದ ಪರಮಾಣು ತನ್ನದೇ ಒಂದು ಬಣ್ಣದ ಬೆಳಕು ನುಂಗ್ತೈತಿ, ಎಷ್ಟು ನುಂಗಿತು ನೋಡಿ ಎಷ್ಟೈತಿ ಹೇಳೋದು. ಚಲೋ ಪದ್ಧತಿ, ಇನ್ನೂ ಬಳಸ್ತಾರ, ಆದ್ರ ಒಂದು ಸಲಕ್ಕ ಒಂದೇ ಲೋಹ.

1983ರಾಗ ಮಾರ್ಕೆಟ್ಟಿಗೆ ಬಂದ ಐಸಿಪಿ-ಎಂಎಸ್ ಅನ್ನೋ ಮಷೀನೇ ಈಗ ರಾಜ. ಸ್ಯಾಂಪಲ್ ತೆಳ್ಳಗ ಮಾಡಿ, ಸ್ಪ್ರೇ ಹೊಡದಂಗ ಮಂಜು ಮಾಡಿ ಆರ್ಗಾನ್ ಗಾಳಿಯ ಬೆಂಕಿಯೊಳಗ ಬಿಡ್ತಾರ, ಬೆಂಕಿ ಅಂದ್ರ ನಿಜವಾಗ ಬೆಂಕಿ ಅಲ್ಲ ಪ್ಲಾಸ್ಮಾ, ಆರು ಸಾವಿರ ಡಿಗ್ರಿ ಮ್ಯಾಲೆ, ಸೂರ್ಯನ ಮೈಗಿಂತ ಬಿಸಿ (ಬಳ್ಳಾರಿ ಮೇ ತಿಂಗಳು ನೋಡಿದವರು ಅದರಾಗೇನು ದೊಡ್ಡದು ಅಂತೀರಿ, ಗೊತ್ತು). ಆ ಕಾವಿಗೆ ರಕ್ತದ ಪ್ರೋಟೀನು ಕೊಬ್ಬು ಎಲ್ಲ ಹರಿದು ಚೂರಾಗಿ ಬರೀ ಪರಮಾಣು ಉಳೀತಾವ, ಅವುಗಳ ಒಂದೊಂದು ಎಲೆಕ್ಟ್ರಾನ್ ಹಾರಿ ಹೋಗಿ ಅಯಾನ್ ಆಗ್ತಾವ. ಸೂಜಿ ತೂತಿನಂಥಾ ಬಾಯಿಂದ ಅವನ್ನ ಗಾಳಿ ಇಲ್ಲದ ಕೋಣಿಗೆ ಎಳಕೊಂಡು, ನಾಲ್ಕು ಸರಳಿನ ಮಧ್ಯ ಓಡಸ್ತಾರ. ಸರಳಿಗೆ ಕೊಡೋ ಕರೆಂಟು ಬದಲ್ಸಿದಂಗ ಒಂದು ಸಲಕ್ಕ ಒಂದೇ ತೂಕದ ಅಯಾನು ಮಾತ್ರ ಆ ಕಡೆ ದಾಟ್ತಾವ, ಉಳಿದವು ಗ್ವಾಡಿಗೆ ಬಡ್ದು ಹೋಗ್ತಾವ. ದಾಟಿದವನ್ನ ಒಂದೊಂದಾಗಿ ಎಣಸ್ತಾರ. ಸೆಕೆಂಡಿನೊಳಗ ತೂಕ ಬದಲ್ಸಿ ಬದಲ್ಸಿ ಇಪ್ಪತ್ತು ಲೋಹ ಎಣಸಿ ಮುಗಸ್ತೈತಿ. ಹಂಗಾಗಿ ಪ್ಯಾಕೇಜ್ ಅಂತ ಮಾರೋದು ಸಲೀಸಾತು, ಒಂದು ನೋಡಿದ್ರೂ ಇಪ್ಪತ್ತು ನೋಡಿದ್ರೂ ಮಷೀನಿಗೆ ಖರ್ಚು ಹೆಚ್ಚು ಕಮ್ಮಿ ಅಷ್ಟೇ.

ಇದು ನಮ್ಮ ವೇಬ್ರಿಜ್ ಇದ್ದಂಗ. ತೂಕ ಹೇಳ್ತೈತಿ, ಲಾರಿಯಾಗ ಏನೈತಿ ಅಂತ ಹೇಳಂಗಿಲ್ಲ. ಅದಿರಿನ ಲಾರಿ ಮೂವತ್ತು ಟನ್ ತೂಗಿದ್ರೂ ಭತ್ತದ ಲಾರಿ ಮೂವತ್ತು ಟನ್ ತೂಗಿದ್ರೂ ಚೀಟಿ ಒಂದೇ. ಆರ್ಸೆನಿಕ್ಕಿನ ತೂಕ 75. ಈಗ ನೋಡ್ರಿ, ಪ್ಲಾಸ್ಮಾದಾಗ ತುಂಬಿದ್ದು ಆರ್ಗಾನ್, ಅದರ ತೂಕ 40. ರಕ್ತ ಮೂತ್ರದಾಗ ಉಪ್ಪು ಬೇಕಾದಷ್ಟು, ಉಪ್ಪಿನ ಕ್ಲೋರಿನ್ ತೂಕ 35. ಇವೆರಡು ಕೈ ಹಿಡ್ಕೊಂಡು ಹೋದ್ರ 40ಕ್ಕ 35 ಕೂಡಿ 75! ಆರ್ಸೆನಿಕ್ ಒಂದು ಚೂರೂ ಇಲ್ಲದ ಉಪ್ಪುನೀರು ಹಾಕಿದ್ರೂ ಮಷೀನು ಆರ್ಸೆನಿಕ್ ಐತಿ ಅಂತ ಹೇಳ್ತೈತಿ. ಕಬ್ಬಿಣಕ್ಕೂ ಇದೇ ಗ್ರಹಚಾರ, ಆರ್ಗಾನ್ 40 ಆಕ್ಸಿಜನ್ 16 ಕೂಡಿ 56 ಆಗ್ತೈತಿ, ಕಬ್ಬಿಣದ ತೂಕನೂ 56.

ಇದಕ್ಕ ಮದ್ದು ಏನಂದ್ರ ದಾರಿಯಾಗ ಒಂದು ಸಣ್ಣ ಕೋಣಿ ಮಾಡಿ ಅದರೊಳಗ ಹೀಲಿಯಂ ತುಂಬಸ್ತಾರ, ಕೋಣಿ ಬಾಗಲಕ್ಕ ಒಂದು ಹಂಪ್ ಹಾಕ್ತಾರ. ಆರ್ಸೆನಿಕ್ ಒಂಟಿ ಪರಮಾಣು, ಗಾತ್ರ ಸಣ್ಣದು, ಹೀಲಿಯಂಗ ಅಷ್ಟು ಡಿಕ್ಕಿ ಹೊಡಿಯಂಗಿಲ್ಲ, ಸ್ಪೀಡ್ ಉಳಿಸ್ಕೊಂಡು ಹಂಪ್ ದಾಟ್ತೈತಿ. ಆರ್ಗಾನ್-ಕ್ಲೋರಿನ್ ಜೋಡಿ ಅಡ್ಡ ಅಗಲ, ಸಂಡೂರು ಘಾಟಿನಾಗ ಓವರ್‌ಲೋಡ್ ಲಾರಿ ಹೋದಂಗ ಅಲ್ಲಿ ತಾಗ್ತೈತಿ ಇಲ್ಲಿ ತಾಗ್ತೈತಿ, ಸ್ಪೀಡೆಲ್ಲ ಹೋಗಿ ಹಂಪ್ ಹತ್ತಂಗಿಲ್ಲ. ಇಬ್ಬರದ್ದೂ ತೂಕ ಒಂದೇ ಆದ್ರೂ ಒಬ್ಬ ದಾಟಿದ ಒಬ್ಬ ನಿಂತ. ಇದನ್ನ ಕಂಡು ಹಿಡಿದವರ ತಲಿಗೆ ನಾನು ಇವತ್ತಿಗೂ ಶರಣು ಅಂತೀನಿ.

ಇಷ್ಟೆಲ್ಲ ಇದ್ರೂ ಮಷೀನಿನಿಂದ ತಪ್ಪಾಗೋದು ಕಮ್ಮಿ. ತಪ್ಪು ಆಗೋದೆಲ್ಲ ಸ್ಯಾಂಪಲ್ ಮಷೀನಿನ ಬಾಯಿಗೆ ಹೋಗೋಕಿಂತ ಮೊದಲ, ಅದೂ ರಕ್ತ ತೆಗೆಯೋ ಜಾಗದಾಗ. ಭಾವನ ಮ್ಯಾಂಗನೀಸ್ ಕಥಿ ಇಲ್ಲೇ ಐತಿ ಅಂತ ನಂಗ ಪಿಡಿಎಫ್ ನೋಡಿದ ಕೂಡ್ಲೇ ಡೌಟ್ ಬಂದಿತ್ತು.

"ರಕ್ತ ಎಲ್ಲಿ ತೆಗೆದ್ರು?" ಅಂತ ಕೇಳಿದೆ. ಡ್ಯೂಟಿ ಮುಗಿಸಿ ಬರೋವಾಗ ರೋಡ್ ಬದಿ ಶಾಮಿಯಾನದಾಗ ಅಂದ. ಕೈ ತೊಳ್ಕೊಂಡಿದ್ಯಾ? ಸ್ಪಿರಿಟ್ ಹತ್ತಿ ಒಂದು ಒರಸಿದ್ರು ಅಂದ. ಟ್ಯೂಬಿನ ಮುಚ್ಚಳ ಯಾವ ಬಣ್ಣ? ನೇರಳೆ ಇರಬೇಕು ಅಂದ. ಅಷ್ಟು ಸಾಕು.

ಸಂಡೂರು ಗುಡ್ಡದಾಗ ಕಬ್ಬಿಣದ ಅದಿರು ಅಷ್ಟೇ ಅಲ್ಲ ಮ್ಯಾಂಗನೀಸ್ ಅದಿರೂ ಐತಿ, ದೇವಗಿರಿ ಕಡೆ ನೂರು ವರ್ಷದಿಂದ ತೆಗೀತಾರ. ಆ ಧೂಳು ಅವನ ಮೊಳಕೈ ಚರ್ಮದ ಗೆರಿಯೊಳಗ ಕೂತಿರ್ತೈತಿ, ಸ್ಪಿರಿಟ್ ಹತ್ತಿಗೆ ಹೋಗಂಗಿಲ್ಲ, ಸೂಜಿ ಅದರ ಮೂಲಕನೇ ಹೋಗಬೇಕು. ಸೂಜಿ ಅನ್ನೋದೂ ಸ್ಟೇನ್‌ಲೆಸ್ ಸ್ಟೀಲು, ಅದರಾಗ ಕ್ರೋಮಿಯಂ, ನಿಕಲ್, ಮ್ಯಾಂಗನೀಸ್ ಅದಾವ, ಮೊದಲ ಹನಿ ಜೊತಿ ಸ್ವಲ್ಪ ಬರ್ತಾವ. ಅದಕ್ಕ ಮೊದಲ ಒಂದು ಟ್ಯೂಬ್ ಬೇರೆ ಟೆಸ್ಟಿಗೆ ಅಂತ ತೆಗೆದಿಟ್ಟು ಎರಡನೇದನ್ನ ಲೋಹಕ್ಕ ಇಡಬೇಕು. ನೇರಳೆ ಮುಚ್ಚಳದಂಥಾ ಸಾದಾ ಟ್ಯೂಬಿನ ರಬ್ಬರಿನಿಂದ ಸತು ಬಿಡ್ತೈತಿ, ಪೌಡರ್ ಹಾಕಿದ ಗ್ಲೌಸಿನಿಂದನೂ ಬರ್ತೈತಿ. ಲೋಹಕ್ಕಂತನೇ ಕಡು ನೀಲಿ ಮುಚ್ಚಳದ ಟ್ಯೂಬ್ ಬರ್ತಾವ, ಅವನ್ನ ಮೊದಲೇ ಟೆಸ್ಟ್ ಮಾಡಿ ಲೋಹ ಬಿಡಂಗಿಲ್ಲ ಅಂತ ಖಾತ್ರಿ ಮಾಡಿರ್ತಾರ, ರೇಟು ಜಾಸ್ತಿ ಅಂತ ಕ್ಯಾಂಪಿನವರು ತರಂಗಿಲ್ಲ. ಲ್ಯಾಬಿನಾಗ ನಾವು ಬಳಸೋ ಪ್ಲಾಸ್ಟಿಕ್ ಡಬ್ಬಿನೂ ನೈಟ್ರಿಕ್ ಆಸಿಡ್ಡಿನಾಗ ರಾತ್ರಿಯೆಲ್ಲ ನೆನಸಿ, ಶುದ್ಧ ನೀರಿನಾಗ ತೊಳದು, ಧೂಳು ಬೀಳದಂಗ ಆರಸಿ ಆಮ್ಯಾಲ ಮುಟ್ತೀವಿ. ಮದುವಿ ಮನಿ ಪಾತ್ರಿ ತೊಳಿಯೋರಿಗಿಂತ ಹೆಚ್ಚು ಪಾತ್ರಿ ತೊಳದೀನಿ ನಾನು.

ಭಾವನ್ನ ಬೈಯಾಕ ಹೋದವ ನಾನೂ ಶುದ್ಧ ಏನಲ್ಲ. ಕೆಲಸಕ್ಕ ಸೇರಿದ ಹೊಸದಾಗಿ ನಮ್ಮ ಜಿಲ್ಲೆಯ ಒಂದು ಶಾಲಿ ವರಾಂಡದಾಗ ಸ್ಯಾಂಪಲ್ ತೆಗೆಯೋ ಜವಾಬ್ದಾರಿ ನಂದೇ ಇತ್ತು, ಏಪ್ರಿಲ್ ತಿಂಗಳು, ಸೆಖಿ ತಡಿಲಾರದ ಫ್ಯಾನ್ ಹಾಕಿಸಿದೆ. ಚಲೋ ಕೆಲಸ ಅಂದ್ರ ಫೀಲ್ಡ್ ಬ್ಲ್ಯಾಂಕ್ ಇಟ್ಟಿದ್ದೆ. ಬ್ಲ್ಯಾಂಕ್ ಅಂದ್ರ ರಕ್ತ ಇಲ್ಲದ ಟ್ಯೂಬ್, ಒಳಗ ಬರೀ ಶುದ್ಧ ನೀರು, ಎಲ್ಲಾ ಟ್ಯೂಬ್ ಜೊತಿ ಅದನ್ನೂ ಒಯ್ದು, ಅದೇ ಜಾಗದಾಗ ಅಷ್ಟೇ ಹೊತ್ತು ಮುಚ್ಚಳ ತೆಗೆದು ಹಾಕಿ ವಾಪಸ್ ತರೋದು. ಅದರಾಗ ಏನು ಸಿಕ್ತೋ ಅದು ಮನುಷ್ಯರ ಮೈದಲ್ಲ, ಜಾಗದ್ದು. ಲ್ಯಾಬಿಗೆ ಬಂದು ನೋಡಿದ್ರ ಆ ನೀರಿನಾಗೇ ಕಬ್ಬಿಣ, ಮ್ಯಾಂಗನೀಸ್! ಫ್ಯಾನು ಮ್ಯಾಲಿಂದ ಧೂಳು ಉದುರಿಸಿತ್ತು. ಅವತ್ತಿನ ಅಷ್ಟೂ ಟ್ಯೂಬು ಕಸಕ್ಕ ಹೋದವು. ಬ್ಲ್ಯಾಂಕ್ ಇಡದೇ ಇದ್ದಿದ್ರ ಈ ಊರಿನ ಮಕ್ಕಳ ರಕ್ತದಾಗ ಮ್ಯಾಂಗನೀಸ್ ಜಾಸ್ತಿ ಅಂತ ರಿಪೋರ್ಟ್ ಬರೀತಿದ್ದೆ ನಾನು, ಪೇಪರಿನಾಗೂ ಬರ್ತಿತ್ತೋ ಏನೋ.

ಲೋಹ ಅಳೆಯೋರಿಗೆಲ್ಲ ಗುರು ಅಂದ್ರ ಅಮೆರಿಕದ ಕ್ಲೇರ್ ಪ್ಯಾಟರ್ಸನ್. ಭೂಮಿಗೆ ವಯಸ್ಸೆಷ್ಟು ಅಂತ ಉಲ್ಕೆ ಕಲ್ಲಿನಾಗಿನ ಸೀಸ ಅಳದು ಹೇಳಾಕ ಹೊಂಟಿದ್ದ ಅವ, ಪ್ರತಿ ಸಲ ಲೆಕ್ಕಕ್ಕಿಂತ ಸೀಸ ಜಾಸ್ತಿ ಬರ್ತಿತ್ತು. ವರ್ಷಗಟ್ಟಲೆ ಲ್ಯಾಬ್ ತಿಕ್ಕಿ ತೊಳದು ಕಡೀಗೆ 1956ರಾಗ 455 ಕೋಟಿ ವರ್ಷ ಅಂತ ಪ್ರಕಟ ಮಾಡಿದ. ಆದ್ರ ಆ ಹೆಚ್ಚಿನ ಸೀಸ ಎಲ್ಲಿಂದ ಬರಾಕತ್ತಿತ್ತು ಅಂತ ಬೆನ್ನು ಹತ್ತಿದ್ರ ಪೆಟ್ರೋಲಿನಾಗ ಹಾಕೋ ಸೀಸ ಇಡೀ ಗಾಳಿ ತುಂಬೈತಿ ಅಂತ ಗೊತ್ತಾತು. ಕಂಪನಿಗಳ ವಿರುದ್ಧ ಜೀವನವಿಡೀ ಗುದ್ದಾಡಿದ. ನಮ್ಮ ದೇಶದಾಗ ಸೀಸದ ಪೆಟ್ರೋಲು ನಿಂತಿದ್ದು 2000ದಾಗ.

ಈಗ ಕೆಂಪಕ್ಷರದ ಎರಡನೇದು, ಆರ್ಸೆನಿಕ್.

ಇದಕ್ಕ ನಾನು ಕೇಳಿದ್ದು ಒಂದೇ ಪ್ರಶ್ನೆ, "ಹಿಂದಿನ ದಿನ ಏನು ತಿಂದಿದ್ದಿ?" ಸ್ವಲ್ಪ ಸುಮ್ಮನಾದ. ಆಮ್ಯಾಲ ಮೆಲ್ಲಕ ಬಾಯಿ ಬಿಟ್ಟ, ಫ್ರೆಂಡ್ಸ್ ಜೊತಿ ಗೋವಾದ ವಾಸ್ಕೋಕ್ಕ ಹೋಗಿದ್ದ, ಅಕ್ಕಗ ಹುಬ್ಬಳ್ಳಿ ಅಂತ ಹೇಳಿದ್ದ, ಎರಡು ದಿನ ಸಿಗಡಿ ಬಂಗುಡಿ ಬಿಟ್ಟು ಬೇರೆ ಏನೂ ತಿಂದಿಲ್ಲ. ಸಮುದ್ರದ ಮೀನು ಸಿಗಡಿಯಾಗ ಆರ್ಸೆನೋಬಿಟೈನ್ ಅನ್ನೋ ರೂಪದಾಗ ಆರ್ಸೆನಿಕ್ ಇರ್ತೈತಿ, ಅದು ಹೆಸರಿಗಷ್ಟ ಆರ್ಸೆನಿಕ್, ವಿಷ ಅಲ್ಲ, ಎರಡು ಮೂರು ದಿನದಾಗ ಮೂತ್ರದಾಗ ಹಂಗೇ ಹೊರಗ ಹೋಗ್ತೈತಿ. ಮಷೀನಿಗೆ ಒಳ್ಳೇ ಆರ್ಸೆನಿಕ್ ಕೆಟ್ಟ ಆರ್ಸೆನಿಕ್ ಗೊತ್ತಾಗಂಗಿಲ್ಲ, ಪ್ಲಾಸ್ಮಾದಾಗ ಹೋದ್ರ ಎಲ್ಲ 75. ಬೇರೆ ಮಾಡಬೇಕಂದ್ರ ಮಷೀನಿನ ಮುಂದ ಇನ್ನೊಂದು ಮಷೀನು, ಕ್ರೊಮಟೋಗ್ರಫಿ ಅಂತ, ಒಂದೊಂದು ರೂಪವನ್ನ ಒಂದೊಂದು ನಿಮಿಷಕ್ಕ ಬಿಟ್ಟು ಕೊಡ್ತೈತಿ, ಆಗ ಯಾವುದು ಎಷ್ಟು ಅಂತ ಎಣಸಬಹುದು. ಇದಕ್ಕ ಸ್ಪೀಸಿಯೇಶನ್ ಅಂತಾರ, ತುಟ್ಟಿ, ಪ್ಯಾಕೇಜಿನಾಗ ಇರಂಗಿಲ್ಲ. ಅಗ್ಗದ ಉಪಾಯ ಅಂದ್ರ ಐದು ದಿನ ಸಮುದ್ರದ ಮೀನು ಬಿಟ್ಟು ಮತ್ತ ಡಬ್ಬಿ ಕೊಡೋದು.

ಹಂಗಂತ ನಮ್ಮ ಕಡೆ ಆರ್ಸೆನಿಕ್ ಬರೀ ಮೀನಿನ ತಮಾಷಿ ಅಲ್ಲ. ಚಿನ್ನ ಇರೋ ಕಲ್ಲಿನಾಗ ಆರ್ಸೆನೋಪೈರೈಟ್ ಅನ್ನೋ ಖನಿಜ ಇರೋದು ಸಾಮಾನ್ಯ, ರಾಯಚೂರು ಜಿಲ್ಲೆ ಲಿಂಗಸೂಗೂರು ತಾಲೂಕಿನ ಹಟ್ಟಿ ಪಟ್ಟಿಯೂ ಅಂಥಾದ್ದೇ ಹಸಿರು ಶಿಲೆಯ ನೆಲ. ಕೃಷ್ಣಾ ಹೊಳಿ ಆಚಿ ದಡಕ್ಕ, ಯಾದಗಿರಿ ಜಿಲ್ಲೆ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾ ಕಡೆ ಹಳೇ ಮಂಗಳೂರು ಚಿನ್ನದ ಗಣಿ (ಸಮುದ್ರದ ಮಂಗಳೂರಲ್ಲ) ಇತ್ತು. ಅಲ್ಲಿ ದೀಪಂಕರ್ ಚಕ್ರವರ್ತಿ ಮತ್ತವರ ಜೊತಿಗಾರರು ಮಾಡಿದ ಕೆಲಸ 2013ರಾಗ ಪ್ರಕಟ ಆತು. 59 ಕೊಳವಿ ಬಾವಿ ನೀರು ನೋಡಿದ್ರ 79 ಪರ್ಸೆಂಟಿನಾಗ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಮ್ ದಾಟಿತ್ತು, ಅತಿ ಹೆಚ್ಚು ಅಂದ್ರ 303. ಕುಡಿಯೋ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ 10. ಪರೀಕ್ಷೆ ಮಾಡಿದ 181 ಜನರಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮದ ಮ್ಯಾಲೆ ಆರ್ಸೆನಿಕ್ಕಿನ ಗುರುತು ಇದ್ವು.

ಈ ಕೆಲಸದಾಗ ಅವರು ನೀರಿನ ಜೊತಿ ಅಳದಿದ್ದು ರಕ್ತ ಅಲ್ಲ, 171 ಜನರ ಕೂದಲು ಮತ್ತ ಉಗುರು. ಯಾಕ? ಆರ್ಸೆನಿಕ್ ರಕ್ತದಾಗ ಕೆಲವೇ ತಾಸು ನಿಲ್ತೈತಿ, ಮೂತ್ರದಾಗ ಕೆಲವು ದಿನ, ಇವತ್ತು ಬೋರಿನ ನೀರು ಬಿಟ್ಟು ಟ್ಯಾಂಕರ್ ನೀರು ಕುಡದಿದ್ರ ಮುಂದಿನ ವಾರ ಮೂತ್ರದಾಗ ಏನೂ ಕಾಣಂಗಿಲ್ಲ. ಆದ್ರ ಕೂದಲು ಉಗುರು ಮಾಡಿರೋದು ಗಂಧಕ ಇರೋ ಪ್ರೋಟೀನಿನಿಂದ, ಆರ್ಸೆನಿಕ್ಕಿಗೆ ಗಂಧಕ ಅಂದ್ರ ಪ್ರಾಣ, ಹೋಗಿ ಅಂಟಿಕೊಳ್ತೈತಿ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಹತ್ರ ಬೆಳೀತೈತಿ, ಅಂದ್ರ ಹೆಣ್ಣುಮಕ್ಕಳ ಮೊಳ ಉದ್ದದ ಜಡಿಯಾಗ ಮೂರು ನಾಲ್ಕು ವರ್ಷದ ಡೈರಿ ಐತಿ. ಕಾಲುಗುರು ಅದಕ್ಕಿಂತ ನಿಧಾನ, ಈಗ ಕತ್ತರಿಸಿದ ತುದಿ ಬುಡದಾಗ ಹುಟ್ಟಿ ತಿಂಗಳುಗಟ್ಟಲೆ ಆಗಿರ್ತೈತಿ. ಆದ್ರ ಇಲ್ಲೂ ಅದೇ ಧೂಳಿನ ಕಾಟ: ಉಗುರಿನ ಸಂದಿಯಾಗಿನ ಮಣ್ಣು ಅಳದೀರೋ ಉಗುರು ಅಳದೀರೋ? ಸೋಪಿನಂಥಾ ದ್ರಾವಣ, ಅಸಿಟೋನ್, ಶುದ್ಧ ನೀರು ಅಂತ ಸಲಸಲ ತೊಳೀತಾರ, ತೊಳದಿದ್ದು ಸಾಲಲಿಲ್ಲ ಅಂದ್ರ ಮಣ್ಣು ಉಳೀತೈತಿ, ಜಾಸ್ತಿ ತೊಳದ್ರ ಒಳಗಿನ ಲೋಹನೂ ಹೋಗ್ತೈತಿ. ಮದರಂಗಿ, ಡೈ, ಬೋರಿನ ನೀರಿನ ಸ್ನಾನ ಎಲ್ಲ ಕೂದಲಿಗೆ ಹೊರಗಿಂದ ಅಂಟ್ತಾವ. ನನ್ನ ಕೇಳಿದ್ರ ಇಡೀ ಊರಿನ ಕಥಿ ತಿಳಿಯಾಕ ಕೂದಲು ಚಲೋ, ಒಬ್ಬ ಮನುಷ್ಯಗ ನಿಂಗ ಇಂಥಾ ರೋಗ ಅಂತ ಹೇಳಾಕ ಬರೀ ಕೂದಲ ನಂಬಬಾರದು. ಕೂದಲು ಕಳಸ್ರಿ ಔಷಧ ಕಳಸ್ತೀವಿ ಅನ್ನೋ ಆನ್‌ಲೈನ್ ಮಂದಿಯಿಂದ ದೂರ ಇರ್ರಿ.

ಮೂತ್ರಕ್ಕೆ ಇನ್ನೊಂದು ತಕರಾರು. ರಾಯಚೂರು ಬಿಸಿಲಿನಾಗ ಹೊಲದಾಗ ದುಡಿಯೋ ಹೆಣ್ಣುಮಗಳ ಮೂತ್ರ ಹಳದಿ ಗಟ್ಟಿ, ಎಸಿ ರೂಮಿನಾಗ ಕೂತು ನೀರು ಕುಡಿಯೋನ ಮೂತ್ರ ನೀರಿನಂಗ. ಇಬ್ಬರ ಮೈಯಿಂದ ಒಂದೇ ಅಷ್ಟು ಲೋಹ ಹೊರಗ ಹೋದ್ರೂ ಲೀಟರ್ ಲೆಕ್ಕದಾಗ ಆಕಿದು ಎರಡು ಮೂರು ಪಟ್ಟು ಕಾಣ್ತೈತಿ. ಅದಕ್ಕ ಮೂತ್ರದಾಗಿನ ಕ್ರಿಯಾಟಿನಿನ್ (ಮೈ ದಿನಾ ಹೆಚ್ಚು ಕಮ್ಮಿ ಒಂದೇ ಅಷ್ಟು ಹೊರಗ ಹಾಕೋ ಕಸ) ಅಳದು, ಒಂದು ಗ್ರಾಮ್ ಕ್ರಿಯಾಟಿನಿನ್ನಿಗೆ ಇಷ್ಟು ಲೋಹ ಅಂತ ಲೆಕ್ಕ ಕೊಡ್ತಾರ. ಭಾವನ ರಿಪೋರ್ಟಿನಾಗ ಅದೂ ಇರಲಿಲ್ಲ.

ನಡುವ ಒಂದು ಮಾತು, ಬಳ್ಳಾರಿಯವರು ಎಲ್ಲರೂ ಕೇಳೋದು: ಇಷ್ಟು ಕಬ್ಬಿಣದ ಧೂಳು ಕುಡೀತೀವಿ, ರಕ್ತದಾಗ ಕಬ್ಬಿಣ ನೋಡಿದ್ರ ಗೊತ್ತಾಗಂಗಿಲ್ಲೇನು? ಗೊತ್ತಾಗಂಗಿಲ್ಲ. ರಕ್ತ ಕೆಂಪಿರೋದೇ ಕಬ್ಬಿಣದಿಂದ, ಹಿಮೋಗ್ಲೋಬಿನ್ 14 ಇದ್ದವನ ರಕ್ತದಾಗ ಲೀಟರಿಗೆ ಸುಮಾರು 470 ಮಿಲಿಗ್ರಾಮ್ ಕಬ್ಬಿಣ ಮೊದಲೇ ಇರ್ತೈತಿ, ಅದರ ಮುಂದ ಧೂಳಿನ ಲೆಕ್ಕ ಸಂತಿಯಾಗ ಪಿಸುಗುಟ್ಟಿದಂಗ. ಹಂಗಾದ್ರ ಕಬ್ಬಿಣದ ಊರಿನಾಗ ಹೆಣ್ಣುಮಕ್ಕಳಿಗೆ ರಕ್ತ ಕಡಿಮಿ ಯಾಕ ಅಂತ ಮುಂದಿನ ಪ್ರಶ್ನೆ. ಅದಿರಿನ ಕಬ್ಬಿಣ ಅಂದ್ರ ತುಕ್ಕು ಇದ್ದಂಗ, ಹೊಟ್ಟಿ ಅದನ್ನ ಹೀರಂಗಿಲ್ಲ, ಪುಪ್ಪುಸಕ್ಕ ಹೋಗಿ ಕೂತು ತ್ರಾಸು ಕೊಡ್ತೈತಿ ಹೊರತು ರಕ್ತ ಆಗಂಗಿಲ್ಲ.

ಇನ್ನ ನಂಬರ್ ನಂಬಬಹುದು ಅಂತ ಲ್ಯಾಬಿನವರು ಹೆಂಗ ಹೇಳ್ತಾರ? ಅಂಗಡಿಯವನ ತೂಕದ ಬಟ್ಟಿಗೆ ಸರ್ಕಾರದ ಸೀಲ್ ಇರ್ತೈತಲ್ಲ ಹಂಗ, ಸರ್ಟಿಫೈಡ್ ರೆಫರೆನ್ಸ್ ಮೆಟೀರಿಯಲ್ ಅಂತ ಬಾಟಲಿ ಸಿಗ್ತಾವ, ಅಮೆರಿಕದ ನಿಸ್ಟ್ ಸಂಸ್ಥೆ ರಕ್ತದ್ದು ಮೂತ್ರದ್ದು ಎರಡೂ ಮಾಡ್ತೈತಿ, ಒಳಗ ಎಷ್ಟು ಲೋಹ ಐತಿ ಅಂತ ಮೊದಲೇ ಗೊತ್ತಿರ್ತೈತಿ. ನಮ್ಮ ಸ್ಯಾಂಪಲ್ ನಡುವ ಅದನ್ನೂ ಓಡಸ್ತೀವಿ, ಹೇಳಿದ ಲೆಕ್ಕ ಬರಲಿಲ್ಲ ಅಂದ್ರ ಅವತ್ತಿನ ಎಲ್ಲಾ ಸ್ಯಾಂಪಲ್ ಮತ್ತ ಮೊದಲಿಂದ. ಪ್ರತಿ ಸ್ಯಾಂಪಲ್ಲಿಗೂ ಮೈಯಾಗ ಇರಂಗಿಲ್ಲದ ರೋಡಿಯಂನಂಥಾ ಲೋಹ ಒಂದೇ ಅಳತಿಯಾಗ ಹಾಕ್ತೀವಿ, ಮಷೀನಿನ ಬಾಯಿಗೆ ಉಪ್ಪು ಕಟ್ಟಿ ಎಣಿಕಿ ಕಡಿಮಿ ಆದ್ರ ರೋಡಿಯಂದೂ ಅಷ್ಟೇ ಕಡಿಮಿ ಆಗ್ತೈತಿ, ಅದನ್ನ ನೋಡಿ ಉಳಿದದ್ದನ್ನ ಸರಿ ಮಾಡ್ತೀವಿ. ರಕ್ತ ತೆಳ್ಳಗ ಮಾಡೋವಾಗ ನೇರ ಆಸಿಡ್ ಹಾಕಿದ್ರ ಲಿಂಬಿ ಹಿಂಡಿದ ಹಾಲಿನಂಗ ಒಡೀತೈತಿ, ಅದಕ್ಕ ಅಮೋನಿಯಾದಂಥಾ ಕ್ಷಾರ ಮತ್ತ ಸ್ವಲ್ಪ ಸೋಪಿನ ಗುಣದ ಕೆಮಿಕಲ್ ಹಾಕ್ತಾರ, ಇಲ್ಲಾಂದ್ರ ಆಸಿಡ್ ಹಾಕಿ ಮುಚ್ಚಿದ ಡಬ್ಬಿಯಾಗ ಮೈಕ್ರೋವೇವಿನಾಗ ಇಟ್ಟು ಪೂರ್ತಿ ಕರಗಸ್ತಾರ. ನೀವು ಲ್ಯಾಬಿಗೆ ಕೇಳಬೇಕಾದ್ದು ಮಷೀನ್ ಯಾವ ಕಂಪನಿದು ಅಂತಲ್ಲ, ಟ್ಯೂಬ್ ಯಾವುದು, ಬ್ಲ್ಯಾಂಕ್ ಇಟ್ಟಿದ್ರಾ ಅಂತ. ಅಷ್ಟು ಕೇಳಿದ್ರೇ ಎದುರಿನವರ ಮುಖ ನೋಡಿ ಅರ್ಧ ಗೊತ್ತಾಗ್ತೈತಿ.

ಇಷ್ಟು ಹೇಳಿ ಭಾವಗ ಮಲಕ್ಕೋ ಹೋಗು ಅನ್ನಬೇಕಿತ್ತು. ಫೋನ್ ಇಡೋ ಮೊದಲು ಪಿಡಿಎಫ್ ಮತ್ತೊಂದು ಸಲ ಮ್ಯಾಲಿಂದ ಕೆಳತನಕ ನೋಡಿದೆ. ಕರಿ ಅಕ್ಷರದಾಗ, ಯಾರ ಕಣ್ಣಿಗೂ ಬೀಳದಂಗ, ರಕ್ತದ ಸೀಸ 7.2 ಅಂತ ಇತ್ತು. ಪಕ್ಕಕ್ಕ ನಾರ್ಮಲ್ 10ರ ಒಳಗ.

ಇಲ್ಲಿ ಅಳತಿ ಬೇರೆ, ಡೆಸಿಲೀಟರಿಗೆ, ಅಂದ್ರ ಲೀಟರಿನ ಹತ್ತನೇ ಪಾಲಿಗೆ, ಇಷ್ಟು ಮೈಕ್ರೋಗ್ರಾಮ್ ಅಂತ. ಲೀಟರಿಗೆ ಅಂದ್ರ 72. ಮೈಯಾಗ ಐದು ಲೀಟರ್ ರಕ್ತ ಹಿಡದ್ರ ಒಟ್ಟು ಸೀಸ 360 ಮೈಕ್ರೋಗ್ರಾಮ್, ಪುಡಿ ಉಪ್ಪಿನ ಆರು ಹರಳಿನ ತೂಕ. ಅಷ್ಟಕ್ಕ ಯಾಕ ಚಿಂತಿ ಅಂದ್ರ ಈ ನಾರ್ಮಲ್ ಅನ್ನೋ ಪದನೇ ಮೋಸ. ಬಹಳಷ್ಟು ಲ್ಯಾಬಿನಾಗ ನಾರ್ಮಲ್ ಅಂದ್ರ ಮಂದಿಯಾಗ ಸಾಮಾನ್ಯವಾಗಿ ಎಷ್ಟಿರ್ತೈತಿ ಅಂತ, ಎಷ್ಟಿದ್ರ ಆರೋಗ್ಯ ಅಂತಲ್ಲ. ಅಮೆರಿಕದಾಗ 1960ರ ದಶಕದಾಗ ಮಕ್ಕಳಿಗೆ 60 (ಇದೂ ಮುಂದಿನ ನಂಬರೂ ಡೆಸಿಲೀಟರ್ ಲೆಕ್ಕ) ಆದ್ರಷ್ಟೇ ಗಾಬರಿ ಬೀಳ್ತಿದ್ರು. 1976ರಿಂದ 1980ರೊಳಗ ಅಲ್ಲಿನ ಸಣ್ಣ ಮಕ್ಕಳ ಸರಾಸರಿನೇ 15 ಇತ್ತು, ಅಂದ್ರ ಆಗ 15 ನಾರ್ಮಲ್! 1979ರಾಗ ಹರ್ಬರ್ಟ್ ನೀಡಲ್‌ಮನ್ ಅನ್ನೋ ಡಾಕ್ಟರು ಮಕ್ಕಳ ಬಿದ್ದ ಹಾಲುಹಲ್ಲು ಕೂಡಿಸಿ (ನಾವು ಮಾಳಿಗಿ ಮ್ಯಾಲೆ ಒಗಿತೀವಲ್ಲ ಅವನ್ನ) ಅದರಾಗ ಸೀಸ ಅಳದು, ಸೀಸ ಹೆಚ್ಚಿದ್ದ ಮಕ್ಕಳ ಬುದ್ಧಿ ಪರೀಕ್ಷೆಯ ಅಂಕ ಕಡಿಮಿ ಇದ್ದದ್ದು ತೋರಿಸಿದ. ಅಲ್ಲಿನ ಮಿತಿ ಇಳೀತಾ ಇಳೀತಾ 1991ಕ್ಕ 10 ಆತು, 2012ರಾಗ 5, 2021ರಾಗ 3.5. ಅದೇ 2021ರಾಗ ವಿಶ್ವ ಆರೋಗ್ಯ ಸಂಸ್ಥೆ, 5 ಮುಟ್ಟಿದ್ರ ಯಾರೇ ಇರಲಿ ಸೀಸ ಎಲ್ಲಿಂದ ಬರಾಕತ್ತೈತಿ ಹುಡುಕಿ ನಿಲ್ಲಸ್ರಿ ಅಂತ ಹೇಳಿತು. ಭಾವನ ಲ್ಯಾಬು ಇನ್ನೂ 1991ರ ಮಿತಿ ಹಾಕ್ಕೊಂಡು ಕೂತೈತಿ, ಅದಕ್ಕ ಆ ಸಾಲು ಕರಿ.

ಸೀಸ ಮೈಯಾಗ ಕ್ಯಾಲ್ಸಿಯಂ ವೇಷ ಹಾಕ್ಕೊಂಡು ಎಲುಬಿನಾಗ ಹೋಗಿ ಕೂಡ್ತೈತಿ, ಅಲ್ಲಿ ದಶಕಗಟ್ಟಲೆ ಇರ್ತೈತಿ, ರಕ್ತದಾಗ ಒಂದು ತಿಂಗಳಿಗೆ ಅರ್ಧ ಆಗ್ತೈತಿ. ಅಂದ್ರ ರಕ್ತದಾಗ ಕಂಡದ್ದು ಬಹುತೇಕ ಇತ್ತೀಚಿಗಿನ ಮಾಲು. "ಸೀಸದ ಹತ್ರ ಏನು ಮಾಡ್ತಿ?" ಅಂದೆ. ಏನೂ ಇಲ್ಲ ಅಂದ. ಮತ್ತ ಮತ್ತ ಕೇಳಿದ್ಮ್ಯಾಲ ಭಾನುವಾರ ಮನಿ ಹಿತ್ತಲದಾಗ ಹಳೇ ಟಿಪ್ಪರ್ ಬ್ಯಾಟರಿ ಒಡದು, ಪ್ಲೇಟ್ ತೆಗೆದು, ಟರ್ಮಿನಲ್ ಕಾಯಿಸಿ ಎರಕ ಹೊಯ್ದು ರಿಪೇರಿ ಮಾಡ್ತಾನ ಅಂತ ಹೊರಗ ಬಂತು, ಸೈಡ್ ಇನ್‌ಕಮ್. ಅದೇ ಹಿತ್ತಲದಾಗ ಅವನ ನಾಲ್ಕು ವರ್ಷದ ಮಗಳು ಮಣ್ಣಾಡ್ತಾಳ. ಮಕ್ಕಳ ಹೊಟ್ಟಿ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸ ಹೀರ್ತೈತಿ.

ಮರುವಾರ ನಾನೇ ಹೋದೆ, ನೀಲಿ ಮುಚ್ಚಳದ ಟ್ಯೂಬ್ ತರಿಸ್ಕೊಂಡು, ಗೊತ್ತಿರೋ ನರ್ಸ್ ಅಕ್ಕನ ಕರಕೊಂಡು. ಡ್ಯೂಟಿ ಇಲ್ಲದ ದಿನ, ಸ್ನಾನ ಮಾಡಿಸಿ, ಸೋಪಿನಾಗ ಮೊಳಕೈ ಎರಡು ಸಲ ತಿಕ್ಕಿಸಿ, ಫ್ಯಾನ್ ಆಫ್ ಮಾಡಿಸಿ ತೆಗೆಸಿದೆ. ಹುಡುಗಿಗೂ ಬೆರಳು ಚುಚ್ಚೋದು ಬ್ಯಾಡ, ಬೆರಳಿನ ತುದಿಯಾಗ ಹಿತ್ತಲ ಮಣ್ಣೇ ಇರ್ತೈತಿ, ನರದಿಂದನೇ ತೆಗೀರಿ ಅಂದೆ. ಭಾವನ ಮ್ಯಾಂಗನೀಸ್ 12ಕ್ಕ ಬಂತು, ಆರ್ಸೆನಿಕ್ 11ಕ್ಕ. ಸೀಸ 7 ಹಂಗೇ ಇತ್ತು, ಹುಡುಗಿದು 6.1. ಬ್ಯಾಟರಿಗಳೆಲ್ಲ ಅವತ್ತೇ ಹಿತ್ತಲಿಂದ ಹೋದ್ವು, ಮ್ಯಾಲಿನ ಮಣ್ಣು ಕೆರದು ಬೇರೆ ಮಣ್ಣು ಹಾಕ್ಸಿದ್ವಿ, ಡಾಕ್ಟ್ರಿಗೂ ತೋರಿಸಿದ್ವಿ, ಮೂರು ತಿಂಗಳ ಬಿಟ್ಟು ಮತ್ತ ತೆಗೀಬೇಕು ಅಂದ್ರು. ಅಕ್ಕ ನನ್ನ ಕೂಡ ಇನ್ನೂ ಸರಿಯಾಗಿ ಮಾತಾಡವಲ್ಲಳು, ಸೀಸಕ್ಕಲ್ಲ, ವಾಸ್ಕೋದ ಸಿಗಡಿ ಕಥಿ ನಂಗ ಗೊತ್ತಿದ್ದೂ ಹೇಳಲಿಲ್ಲ ಅಂತ.